ಪಣಂಬೂರಿನಲ್ಲಿ ಇಳಿಯದವನು

“ಕಣ್ಣು ಕಾಣಲ್ವಾ ಈ ಕೋತಿಗೆ!”

ಹಡಗಿನಲ್ಲಿ ತನ್ನ ಕನ್ನಡ ಯಾರಿಗೆ ಅರ್ಥವಾದೀತು ಎಂಬ ಧೈರ್ಯ ಮಮತಾಳದು. ಪ್ರವಾಸಿ ಹಡಗಿನ ಕೋಣೆಗಳನ್ನು ಶುಚಿ ಮಾಡುವ ಕೆಲಸಕ್ಕೆ ಸೇರಿ ಅದು ಎರಡನೆಯ ದಿನ. ಅಲೆಗೆ ಹೊಟ್ಟೆ ತೊಳಸುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ತಳ್ಳುಗಾಡಿಯೊಂದು ಬಂದು ಗುದ್ದಿ, ಮಡಿಸಿಟ್ಟಿದ್ದ ಟವೆಲ್‌ಗಳೆಲ್ಲ ನೆಲಕ್ಕೆ!

ಗಾಡಿಯ ಹಿಂದಿನಿಂದ ನಗುಮುಖವೊಂದು ಇಣುಕಿತು.

“ಕಾಣ್ತೈತ್ರೀ. ಈ ಕೋತಿ ಸೊಕ್ಕೆದು, ಜಗಳೂರು ತಾಲೂಕು. ತಮ್ಮದು ಯಾವ ಕಾಡು?”

ಮಮತಾಳ ಮುಖ ಕೆಂಪೇರಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಸವಳಂಗ. ನಮ್ಮಲ್ಲಿ ಕೋತಿಗಳು ನೋಡ್ಕಂಡು ಓಡಾಡ್ತವೆ!”

ಗಾಡಿಯ ಹುಡುಗ ಭೀಮೇಶ ಟವೆಲ್‌ಗಳನ್ನೆಲ್ಲ ಹೊಸದಾಗಿ ಮಡಿಸಿಕೊಟ್ಟ. ಹೊಟ್ಟೆ ತೊಳಸಿದರೆ ತಿನ್ನಲು ಒಂದು ಹಸಿರು ಸೇಬನ್ನೂ ಕೊಟ್ಟ. ಆ ಸೇಬಿನಿಂದ ಶುರುವಾದದ್ದು, ಮುಂಬೈ, ಗೋವಾ, ಕೊಚ್ಚಿ ಎಂದು ಸುತ್ತುತ್ತಲೇ ಪ್ರೀತಿಯಾಯಿತು.

ಆರು ತಿಂಗಳ ಮೇಲೆ ಹಡಗು ಮೊದಲ ಬಾರಿ ಮಂಗಳೂರಿಗೆ ಹೊರಟಿತು. ಮಮತಾಳ ಪ್ರೀತಿಯ ವಿಷಯ ಕೇಳಿದ್ದ ತಾಯಿ ಮೂಕಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು.

“ಫೋನಾಗೆ ನೋಡಿ ಒಪ್ಪಾಕೆ ಅದೇನು ಸೀರೇನಾ? ನಾನೇ ಬರ್ತೀನಿ. ಆ ಹುಡುಗ ಎದುರಿಗೆ ಕುಂತು ಮಾತಾಡ್ಲಿ. ಇಲ್ಲಾಂದ್ರೆ ನಿನ್ನ ದೊಡ್ಡಕ್ಕ ತಂದಿರೋ ಹೊನ್ನಾಳಿ ಸಂಬಂಧಕ್ಕೆ ಹೂಂ ಅಂತೀನಿ.”

ಹೊನ್ನಾಳಿಯ ಮಾತನ್ನು ಮಮತಾ ಭೀಮೇಶನಿಗೆ ಹೇಳಲಿಲ್ಲ. ಅವನು ಬಂದೇ ಬರುತ್ತಾನಲ್ಲ... ಹೇಳಿ ಏಕೆ ಹೆದರಿಸುವುದು?

ಹಡಗು ನಿಂತ ಬೆಳಿಗ್ಗೆ ಭೀಮೇಶ ಅವಳನ್ನು ಅವಸರ ಮಾಡಿ ಕಳಿಸಿದ. “ನೀವು ಮುಂದೆ ನಡೀರಿ. ನಾನು ಹಿಂದೇನೇ ಬರ್ತೀನಿ.”

ಮಂಗಳೂರಿನ ಪಣಂಬೂರು ಬಂದರಿನ ಗೇಟಿನಾಚೆ, ಮರದ ನೆರಳಲ್ಲಿ ಮೂಕಮ್ಮ ರೊಟ್ಟಿಗಂಟು ಹಿಡಿದು ಕುಳಿತಿದ್ದಳು. ಮಗಳ ಕೆನ್ನೆ ಸವರಿ ಸವರಿ ಅತ್ತಳು. ಆಮೇಲೆ ಇಬ್ಬರೂ ಗೇಟಿನ ಕಡೆಗೇ ನೋಡುತ್ತ ಕುಳಿತರು.

ಭೀಮೇಶ ಬರಲಿಲ್ಲ. ಫೋನೂ ಎತ್ತಲಿಲ್ಲ.

“ಬರೋನಾಗಿದ್ರೆ ಬರ್ತಿದ್ದ ಕಣೇ. ದೊಡ್ಡಕ್ಕಂಗೆ ಏನಂತ ಹೇಳ್ಲಿ?”

ಅವಮಾನದ ಸಿಟ್ಟಿನಲ್ಲಿ “ಹೂಂ ಅನ್ನವ್ವ!” ಎಂದುಬಿಟ್ಟಳು ಮಮತಾ.

ಅವ್ವನನ್ನು ಬಸ್ಸು ಹತ್ತಿಸಿ ಹಡಗಿಗೆ ಮರಳಿದಾಗ ಮೇಲ್ವಿಚಾರಕಿ ನಗುತ್ತ ಕೇಳಿದಳು, ತಾಯಿಯನ್ನು ನೋಡಿದೆಯಾ ಎಂದು. ಅವಳ ಮಾತಿನಿಂದ ವಿಷಯ ತಿಳಿಯಿತು. ಹಡಗು ಬಂದರಿನಲ್ಲಿದ್ದಾಗಲೂ ಅವಘಡವಾದರೆ ಪ್ರಯಾಣಿಕರನ್ನು ಇಳಿಸಲು ಸಿಬ್ಬಂದಿಯಲ್ಲಿ ಕೆಲವರು ಉಳಿಯಲೇಬೇಕು. ಇಂದು ಉಳಿಯಬೇಕಿದ್ದ ಹುಡುಗಿಗೆ ಜ್ವರ ಬಂದು, ಆ ಸರದಿ ಮಮತಾಳಿಗೆ ಬಿದ್ದಿತ್ತು. ಭೀಮೇಶ ಅವಳ ಬದಲು ತಾನು ನಿಂತಿದ್ದ!

ಮಮತಾ ಭೀಮೇಶನಿದ್ದ ಟವೆಲ್ ಕೋಣೆಗೆ ಓಡಿದಳು.

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಇಳೀತಿದ್ರಾ? ಫೋನ್ ಎತ್ತಿದ್ರೆ ಅರ್ಧಕ್ಕೇ ವಾಪಸ್ ಬರ್ತಿದ್ರಿ. ನಿಮ್ಮವ್ವ ಅಷ್ಟು ದೂರದಿಂದ ಬಂದೋರು. ನನ್ನ ಇನ್ನೊಂದಿನ ನೋಡಬೌದು ಅನ್ಕಂಡೆ...”

“ಇನ್ನೊಂದಿನ ಎಲ್ಲೈತೆ? ನೀವು ಬರ್ಲಿಲ್ಲ ಅಂತ, ದೊಡ್ಡಕ್ಕ ತಂದ ಹೊನ್ನಾಳಿ ಸಂಬಂಧಕ್ಕೆ ಹೂಂ ಅನ್ನು ಅಂದ್ಬಂದೀನಿ!”

ಭೀಮೇಶ ಟವೆಲ್ ಬಿಸುಟ. “ಮೊದ್ಲು ನಿಮ್ಮವ್ವಂಗೆ ಫೋನ್ ಮಾಡ್ರಿ!”

ಹಡಗಿನ ಕೂಗು ಮೊಳಗಿತು. ತೀರ ದೂರವಾದರೆ ಫೋನ್ ಸಿಗ್ನಲ್ ಹೋಗುತ್ತದೆ! ಇಬ್ಬರೂ ಸಿಬ್ಬಂದಿಯ ಡೆಕ್ಕಿಗೆ ಏದುಸಿರು ಬಿಡುತ್ತ ಓಡಿದರು. ವಿಡಿಯೊ ಕರೆಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಮೂಕಮ್ಮನ ಮುಖ ಕುಲುಕಾಡಿತು.

“ಅವ್ವಾ, ದೊಡ್ಡಕ್ಕಂಗೆ ಹೇಳಿದ್ಯಾ?”

“ಇಲ್ಲ ಕಣೇ. ಸಿಟ್ಟಲ್ಲಿ ಅಂದಿದ್ದು ನಂಗೆ ಗೊತ್ತಾಗಲ್ವಾ?”

ಮಮತಾ ಅಳುತ್ತಲೇ ಎಲ್ಲವನ್ನೂ ಒದರಿದಳು. ಭೀಮೇಶ ಮುಖ ತೋರಿಸಿದ. “ತಪ್ಪಾಯ್ತವ್ವ. ಬರಾಕೆ ಆಗಲಿಲ್ಲ.”

ಮೂಕಮ್ಮ ಅವನನ್ನೇ ದಿಟ್ಟಿಸಿದಳು. “ನನ್ನ ಮಗಳ ಮುಖ ನಂಗೆ ತೋರಿಸಾಕೆ ನೀನು ನಿಂತ್ಯೇನಪ್ಪಾ?... ರಜೆಗೆ ಇಬ್ರೂ ಊರಿಗೇ ಬರ್ರಿ. ನನ್ನ ಎದುರಿಗೆ ಕುಂತು ಉಣ್ಣಬೇಕು ನೀನು...”

ನಗು ಅರಳುವಷ್ಟರಲ್ಲಿ ಮುಖ ನಿಶ್ಚಲವಾಯಿತು. ಸಿಗ್ನಲ್ ಹೋಯಿತು.

“ಮಮತಾ... ಇದು ಹೂಂ ಅಂದಂಗಾ?”

“ನಮ್ಮವ್ವ ಉಣ್ಣಾಕೆ ಕರೆದ್ರೆ ಹೂಂ ಅಂತ್ಲೇ.”

“ರೊಟ್ಟಿ ಏನಾದ್ರೂ ಉಳೀತಾ?”

“ಸಿಟ್ಟಿಗೆ ನಿಮ್ಮ ಪಾಲಿಂದೂ ನಾನೇ ತಿಂದೆ!” ಕಣ್ಣೊರೆಸಿಕೊಂಡಳು. “ಇನ್ನೊಂದ್ಸಲ ನಂಗೆ ಹೇಳದೆ ನನ್ನ ಬದಲು ನಿಂತ್ರೆ ನೋಡ್ರಿ.”

“ಹೇಳೇ ನಿಲ್ತೀನಿ.”

“ಬದಲು ಬೇಡ. ಪಕ್ಕದಾಗೆ ನಿಲ್ರಿ.”

ಅವನು ನಿಂತ.