ಶಲವಡಿಯ ಗಿಡ್ಡ ಶ್ರೀಮುದ್ರೆ

ಹೊಳೆಯಪ್ಪ ಅಳತೆಪಟ್ಟಿ ಹಿಡಿದು ಅಳೆಯುತ್ತಿದ್ದ ಎಲೆಯನ್ನು ಮೈಲಾರವ್ವನ ಆಡು ಅವನ ಬೆರಳ ಸಂದಿಯಿಂದಲೇ ಕಿತ್ತು ತಿಂದುಬಿಟ್ಟಿತು.

“ನಿಮ್ಮ ಆಡಿಗೆ ಹೇಳೋರು ಕೇಳೋರು ಯಾರೂ ಇಲ್ಲೇನ್ರಿ?”

“ಎಲಿ ಅಳಿಯೂ ಮಂದೀನ ಅದು ಎಂದೂ ಕಂಡಿಲ್ರಿ…” ನಗು ತಡೆಯಲಾರದೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಅದು ೧೯೮೬ರ ಶ್ರಾವಣ. ದುಮ್ಮವಾಡದ ಹೊಳೆಯಪ್ಪ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ. ಬದುವಿನಲ್ಲಿ ತಾನೇ ಬೆಳೆಯುವ ಶ್ರೀಮುದ್ರೆ ಗಿಡ ಊರಿಂದೂರಿಗೆ ಹೇಗೆ ಬೇರೆಯಾಗುತ್ತದೆ ಎಂಬುದೇ ಅವನ ಪ್ರಬಂಧ. ಅವನೂರಿನ ಕೆಂಪು ಮಣ್ಣಿನಲ್ಲಿ ಗಿಡ ಎದೆಯೆತ್ತರ, ಎಲೆ ಅಂಗೈಯಗಲ. ಶಲವಡಿಯ ಕಪ್ಪು ಎರೆಮಣ್ಣಿನ ಹೊಲದಲ್ಲಿ ಗಿಡ ಮೊಣಕಾಲುದ್ದ, ಎಲೆಯೂ ಚಿಕ್ಕದು. ಎಲ್ಲ ಮಣ್ಣಿನ ಗುಣ ಎಂದು ಬರೆದುಕೊಂಡಿದ್ದ.

ಗುರುವಾರಕ್ಕೊಮ್ಮೆ ಶಲವಡಿಯಲ್ಲಿ ಬಸ್ಸಿಳಿದು ಬರುತ್ತಿದ್ದ. ಅಲ್ಲಿ ಆಡು ಮೇಯಿಸುವ ಮೈಲಾರವ್ವ ಅಂದಿನಿಂದ ಗುರುವಾರ ಆಡುಗಳನ್ನು ಮನೆಯಲ್ಲೇ ಕಟ್ಟಿ ಬಂದು ಪಟ್ಟಿಯ ಆಚೆ ತುದಿ ಹಿಡಿಯುತ್ತಿದ್ದಳು. ಗುರುವಾರ ಬಂತೆಂದರೆ ಅವಳು ಎರಡೆರಡು ಸಲ ತಲೆ ಬಾಚಿಕೊಳ್ಳುವುದು ಅಪ್ಪ ಮಲಕಪ್ಪನ ಕಣ್ಣಿಗೂ ಬಿದ್ದಿತ್ತು.

ದೀಪಾವಳಿ ಮುಗಿದ ಮೇಲೆ ಅವನು ಹೇಳಿದ, “ಕೆಲಸ ಮುಗೀತ್ರಿ. ಬರೂ ವಾರ ಪ್ರಬಂಧ ಕೊಟ್ಟುಬಿಡ್ತೀನಿ.”

ಅವಳು ಪಟ್ಟಿಯ ತುದಿಯನ್ನು ಕೈಬಿಡಲಿಲ್ಲ. ಹೇಳಿದರೆ ಇವನ ವರ್ಷದ ದುಡಿಮೆ ಹಾಳು… ಹೇಳದಿದ್ದರೆ ದೊಡ್ಡವರ ಮುಂದೆ ಇವನೇ ನಗೆಪಾಟಲು…

“ಗಿಡ ಗಿಡ್ಡ ಆಗಿದ್ದು ಮಣ್ಣಿನಿಂದಲ್ರಿ,” ಎಂದಳು ಕಡೆಗೂ. “ನೀವು ಬರೂದು ಗುರುವಾರ ಅಷ್ಟ. ಉಳಿದ ಆರು ದಿನಾ ನನ್ನ ಆಡು ಇಲ್ಲೇ ಮೇಯ್ತಾವು. ಚಿಗುರು ಬಂದಂಗ ಕಡೀತಾವು.”

“ಇಷ್ಟು ದಿನಾ ಯಾಕ ಹೇಳಲಿಲ್ಲ?”

ಹೇಳಿದ್ರ ನೀವು ಬರೂದು ನಿಂತು ಹೋಗ್ತಿತ್ತಲ್ಲ… ಅದನ್ನು ಬಾಯಿಬಿಟ್ಟು ಹೇಗೆ ಹೇಳುವುದು? ಅವನು ಚೀಲ ಹೆಗಲಿಗೇರಿಸಿ ನಡೆದೇಬಿಟ್ಟ.

ಹತ್ತು ಗುರುವಾರ ಬಸ್ಸು ಬಂತು, ಅವನು ಬರಲಿಲ್ಲ. ಮೈಲಾರವ್ವ ಅತ್ತಳು, ಆಡನ್ನು ಬೈದಳು. ಆಮೇಲೆ ಜಾಲಿ ಮುಳ್ಳು ಕಡಿದು ತಂದು ಹತ್ತು ಗಿಡಗಳಿಗೆ ಬೇಲಿ ಕಟ್ಟಿದಳು.

ಹನ್ನೊಂದನೆಯ ಗುರುವಾರ ಹೊಳೆಯಪ್ಪ ಬಂದು ನೋಡಿದರೆ ಬೇಲಿಯೊಳಗಿನ ಗಿಡಗಳು ಅವನ ಸೊಂಟ ಮುಟ್ಟುತ್ತಿದ್ದವು! ಕುಳಿತು ಎಲೆ ಅಳೆದ.

“ಎಲಿ ಇನ್ನೂ ಸಣ್ಣದ ಐತಿ. ಅಂದ್ರ ಎತ್ತರ ಕದ್ದದ್ದು ಆಡು, ಎಲಿ ಸಣ್ಣ ಮಾಡಿದ್ದು ಎರಿ ಭೂಮಿ. ನಮ್ಮೂರಾಗ ನಾ ಅಳದದ್ದೂ ಬೇಲಿಯೊಳಗಿನ ಗಿಡಾನ. ಗುರುಗಳಿಗೆ ಎಲ್ಲಾ ಒಪ್ಪಿಕೊಂಡೆ. ಇನ್ನೊಂದು ವರ್ಷ ಅಳಿ ಅಂದ್ರು.”

“ಸಿಟ್ಟು ಹೋತೇನ್ರಿ?”

“ಸಿಟ್ಟು ಎರಡ ದಿನದಾಗ ಹೋತು. ಬರಾಕ ನಾಚಿಕಿ ಬಿಡಲಿಲ್ಲ.” ಅವನು ಪಟ್ಟಿ ಕೆಳಗಿಟ್ಟ. “ಶಲವಡಿ ಗಿಡ ದುಮ್ಮವಾಡದ ಹಿತ್ತಲದಾಗ ಹಚ್ಚಿ ನೋಡಬೇಕಂತೀನಿ. ಮೈಲಾರವ್ವ… ಬೇಲಿ ಕಟ್ಟಾಕ ನೀ ಬರ್ತೀಯೇನು? ನನ್ನ ಹೇಣ್ತಿಯಾಗಿ?”

ಅವಳ ಕಣ್ಣು ತುಂಬಿ ಬಂತು. “ಆಡು ಬಿಟ್ಟು ನಾ ಬರಂಗಿಲ್ರಿ.”

“ಆಡೂ ಬರಲಿ. ನಿಮ್ಮಪ್ಪನ್ನ ಕೇಳಾಕ ನಮ್ಮವ್ವನ್ನ ಕರಕೊಂಡು ಬಂದೀನಿ. ಬಸ್‌ಸ್ಟ್ಯಾಂಡಿನ್ಯಾಗ ಕುಂತಾಳ.”

“ಅತ್ತೀನ ಬಿಸಲಾಗ ಕುಂದರಿಸಿ ಇಲ್ಲೆ ಎಲಿ ಅಳ್ಯಾಕ ಹತ್ತೀರೇನು? ಏಳ್ರಿ, ಹೋಗೂಣು.”