ಶುದ್ಧ ಸಸ್ಯಾಹಾರಿ ವಿಮಾನ

ದಾವಣಗೆರೆಯ ಜನ ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದದ್ದು ಸಂಜೆಯೊಳಗೆ ಮುಂಬಯಿ ಮುಟ್ಟುತ್ತಿತ್ತು. ಮೂಗು ಮುರಿಯಬೇಡಿ, ಇದು ಬೈಗುಳವಲ್ಲ, ವಿಜ್ಞಾನ. ಊರ ಹೊರಗಿನ ಘಟಕದಲ್ಲಿ ಕೊಳಚೆಯ ಗಸಿಯನ್ನು ಉಕ್ಕಿನ ಕೊಳವೆಗಳಿಗೆ ತುಂಬಿ, ಮುನ್ನೂರು ಡಿಗ್ರಿಗೂ ಮೀರಿ ಕಾಯಿಸಿ, ನಮ್ಮ ಸುತ್ತಲ ಗಾಳಿಯ ಇನ್ನೂರು ಪಟ್ಟು ಒತ್ತಡದಲ್ಲಿ ಅದುಮುತ್ತಿದ್ದರು. ದೊಡ್ಡದೊಂದು ಕುಕ್ಕರ್ ಎಂದುಕೊಳ್ಳಿ. ಭೂಮಿ ಕೋಟ್ಯಂತರ ವರ್ಷ ಹೂತಿಟ್ಟು ಮಾಡುವ ಎಣ್ಣೆ ಇಲ್ಲಿ ಅರ್ಧ ಗಂಟೆಯಲ್ಲಿ ಬರುತ್ತಿತ್ತು. ಅಷ್ಟನ್ನು ಹಿಂದಿನವರೂ ಮಾಡಿದ್ದರು. ಆದರೆ ಅವರ ಎಣ್ಣೆ ಕಪ್ಪಗಿದ್ದು ನಾರುತ್ತಿತ್ತು, ಇಂಜಿನ್ನಿಗೆ ಆಗುತ್ತಿರಲಿಲ್ಲ. ಅದನ್ನು ಒಂದೇ ಏಟಿಗೆ ತಿಳಿನೀರಿನಂಥ ವಿಮಾನದ ಇಂಧನವಾಗಿಸುವ ಕ್ರಿಯಾವರ್ಧಕವನ್ನು ಕಂಡುಹಿಡಿದವಳು ಡಾ. ಸಿಂಚನಾ. ಕ್ರಿಯಾವರ್ಧಕವೆಂದರೆ ಮದುವೆ ದಲ್ಲಾಳಿ ಇದ್ದ ಹಾಗೆ. ಜೋಡಿ ಕೂಡಿಸುತ್ತದೆ, ತಾನು ಮಾತ್ರ ಹೇಗಿತ್ತೋ ಹಾಗೇ ಉಳಿಯುತ್ತದೆ.

ಸರ್ಕಾರ ಅದಕ್ಕೆ ಇಟ್ಟ ಹೆಸರು 'ಪುನರಿಂಧನ'. ಜನ ಇಟ್ಟದ್ದು 'ಕಕ್ಕಸೆಣ್ಣೆ'. ಹೆಸರು ಏನೇ ಇರಲಿ, ವಿಮಾನದ ಟಿಕೆಟ್ಟು ಸ್ಲೀಪರ್ ಬಸ್ಸಿನ ಮಟ್ಟಕ್ಕೆ ಇಳಿಯಿತು. ಕೊಳಚೆಗೆ ಬೆಲೆ ಬಂದ ಮೇಲೆ ಒಂದು ಹನಿಯೂ ಸೋರದಂಥ ಅಗಲ ಕೊಳವೆಗಳು ಬಂದವು. ಅವುಗಳೊಳಗೆ ಹರಿದಾಡಿ ಕಸ ಕೆರೆಯುವ ಹಾವಿನಂಥ ಯಂತ್ರಗಳು ಬಂದವು. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯುವುದು ನಿಂತೇ ಹೋಯಿತು. ಇಳಿಸಬಾರದೆಂದು ಕಾನೂನು ಮೊದಲಿನಿಂದಲೂ ಇತ್ತು, ಪಾಪ. ಕಾನೂನಿಗೆ ನಿಲ್ಲದ್ದು ಲಾಭಕ್ಕೆ ನಿಂತಿತು.

ಇಷ್ಟಾದರೂ ಮನೋಜಯ್ಯ ಮೇಷ್ಟ್ರು ಹೊಸ ಎಣ್ಣೆಯ ವಿಮಾನ ಹತ್ತಿರಲಿಲ್ಲ. ವಿಮಾನವೆಂದರೆ ಅವರಿಗೆ ಪ್ರಾಣ. ಹುಡುಗನಾಗಿದ್ದಾಗ ಪೇಪರಿನಲ್ಲಿ ಬಂದ ವಿಮಾನದ ಚಿತ್ರಗಳನ್ನೆಲ್ಲ ಕತ್ತರಿಸಿ, ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸುತ್ತಿದ್ದವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ, ಪ್ರತಿ ಭಾನುವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಬೇಲಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಣ್ಣು ಮುಚ್ಚಿಕೊಂಡು ಸದ್ದಿನ ಮೇಲೇ ಯಾವ ವಿಮಾನವೆಂದು ಹೇಳುವುದು ಅಲ್ಲಿಯ ಪಂದ್ಯ. ದಾರಿಹೋಕರು ಯಾರೇ ಒಂದು ಪ್ರಶ್ನೆ ಕೇಳಲಿ, ಮೇಷ್ಟ್ರು ರೆಕ್ಕೆಯಿಂದ ಹಿಡಿದು ಚಕ್ರದವರೆಗೆ ವಿವರಿಸದೆ ಅವರನ್ನು ಬಿಡುತ್ತಿರಲಿಲ್ಲ. ಆದರೆ ಕಕ್ಕಸೆಣ್ಣೆ ಬಂದಾಗಿನಿಂದ ನೋಡುವುದಷ್ಟೇ, ಹತ್ತುವುದಿಲ್ಲ. ಅವರ ಮೂಗು ಅಂಥದ್ದು. ಪಕ್ಕದ ಮನೆಯ ಒಗ್ಗರಣೆಗೂ ಕಿಟಕಿ ಮುಚ್ಚುವ ಪೈಕಿ.

ಬೇಲಿ ಬಳಗದಲ್ಲಿ ಇನ್ನಿಬ್ಬರು ಕಾಯಂ: ಟಯರ್ ಅಂಗಡಿಯ ಇಮ್ತಿಯಾಜ್, ಬಟ್ಟೆ ಅಂಗಡಿಯ ವಿನುತ್. ಮೇಷ್ಟ್ರ ಹಳೆಯ ಶಿಷ್ಯೆ ಸಿಂಚನಾ ಬಿಡುವಾದಾಗ ಬಂದು ಹೋಗುತ್ತಿದ್ದಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಜೊತೆಗೆ ಊರ ಸುದ್ದಿ. ಈರುಳ್ಳಿ ರೇಟು, ಪಾಲಿಕೆ ಚುನಾವಣೆ, ಪಕ್ಷ ಬಿಟ್ಟವರು, ಬಿಟ್ಟು ನಾಚಿಕೆಯಿಲ್ಲದೆ ವಾಪಸ್ ಬಂದವರು.

ಆ ಭಾನುವಾರ ವಿನುತ್ ಬರುವಾಗಲೇ ಫೋನು ಮುಂದೆ ಹಿಡಿದುಕೊಂಡು ಬಂದ. "ನೋಡಿದ್ರಾ ಮೇಷ್ಟ್ರೇ? ಶುಚಿ ಏರ್ ಅಂತೆ. ಶುದ್ಧ ಸಸ್ಯಾಹಾರಿ ವಿಮಾನ!"

"ಊಟ ತಾನೆ? ಅದರಾಗೇನೈತೆ ಹೊಸದು," ಎಂದ ಇಮ್ತಿಯಾಜ್, ಬಜ್ಜಿ ಮುರಿಯುತ್ತ.

"ಊಟ ಅಲ್ಲೋ ಮಾರಾಯ, ಎಣ್ಣೆ! ಪ್ಯೂರ್ ವೆಜ್ ಬಡಾವಣೆಗಳ ಕೊಳಚೇಲಿ ಮಾತ್ರ ಮಾಡಿದ್ದು. ಬೇರೇರದ್ದು ಒಂದು ಹನಿ ಮಿಕ್ಸ್ ಇಲ್ಲ. ಬೇರೆ ಪೈಪು, ಬೇರೆ ಟ್ಯಾಂಕು. ಮೊದಲ್ನೇ ಬಡಾವಣೆ ಯಾವುದು ಗೊತ್ತೇನು? ನಮ್ ಮೇಷ್ಟ್ರದ್ದೇ, ಶ್ರೀನಿಧಿ ಬಡಾವಣೆ!"

ಇಮ್ತಿಯಾಜ್ ನಕ್ಕ. ಆ ನಗೆ ತುಟಿಯಿಂದ ಒಳಕ್ಕೆ ಹೋಗಲಿಲ್ಲ. "ಹಂಗಾರೆ ನಮ್ ಓಣೀದು ಮೇಲೆ ಹೋಗಂಗಿಲ್ಲ ಅನ್ನು. ಅಡಿಗೇಲಿ ಬೇರೆ ಮಾಡಿದ್ರಿ, ಬಾಡಿಗೆ ಮನೇಲಿ ಬೇರೆ ಮಾಡಿದ್ರಿ. ಫ್ಲಶ್ ಮಾಡಿದ್ ಮೇಲಾದ್ರೂ ಎಲ್ಲಾ ಒಂದೇ ಅನ್ಕಂಡಿದ್ದೆ ನಾನು."

ಮನೋಜಯ್ಯ ಮಂಡಕ್ಕಿಯ ಪೊಟ್ಟಣಕ್ಕೆ ಕೈಹಾಕಿದರು. ಬಡಾವಣೆಯ ಸಂಘದ ಅಧ್ಯಕ್ಷರಾಗಿ ಇದಕ್ಕೆ ಒಪ್ಪಿಗೆ ಕೊಟ್ಟವರು ಅವರೇ. ಮೊದಲ ಹಾರಾಟದಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಎಂಟು ವರ್ಷದ ಉಪವಾಸ ಮುರಿಯುವ ಆಸೆಗೆ ಅವರಿಗೆ ಹಿಂದಿನ ರಾತ್ರಿ ನಿದ್ದೆಯೂ ಬಂದಿರಲಿಲ್ಲ.

ಅಷ್ಟರಲ್ಲಿ ಸಿಂಚನಾ ಬಂದಳು. ಬಂದವಳು ಕೂರಲಿಲ್ಲ. "ಸರ್, ಎರಡೂ ಎಣ್ಣೆ ಪರೀಕ್ಷೆ ಮಾಡ್ದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಷ್ಟು ಶಾಖಕ್ಕೆ ಎಲ್ಲಾ ಒಡೆದು ಕೊನೆಗೆ ಬರೀ ಇಂಗಾಲ, ಜಲಜನಕ ಉಳಿಯುತ್ತೆ. ಯಾರು ಕುರಿ ತಿಂದ್ರು, ಯಾರು ಕುಂಬಳಕಾಯಿ ತಿಂದ್ರು ಅಂತ ಅಣುವಿಗೆ ನೆನಪಿರಲ್ಲ. ಇದನ್ನ ನನಗೆ ಒಂಬತ್ತನೇ ಕ್ಲಾಸಲ್ಲಿ ಹೇಳಿಕೊಟ್ಟೋರು ನೀವೇ."

"ಗೊತ್ತಮ್ಮ. ತಲೆಗೆ ಗೊತ್ತು. ಮನಸ್ಸು ಒಪ್ಪಬೇಕಲ್ಲ."

"ಮನಸ್ಸಿನ ಮಾತು ಬಿಡಿ ಸರ್, ಪೈಪಿನ ಮಾತು ಕೇಳಿ. ಅವರು ಹೊಸ ಪೈಪು ಹಾಕ್ತಿಲ್ಲ. ನಿಮ್ಮ ಬೀದೀಲಿ ಹೂತಿರೋ ಹಳೇ ಸಣ್ಣ ಪೈಪನ್ನೇ ಮತ್ತೆ ಉಪಯೋಗಿಸ್ತಿದಾರೆ. ಅದರ ತಿರುವುಗಳಲ್ಲಿ ಯಂತ್ರ ಹೋಗಲ್ಲ. ಕಟ್ಟಿಕೊಂಡ್ರೆ ಗುಂಡಿಗೆ ಇಳಿದು ಕೈಯಲ್ಲೇ ಬಿಡಿಸ್ಬೇಕು. ಯಾರು ಇಳೀತಾರೆ?"

"ಕಂಪನಿಯೋರು ಏನಾದ್ರೂ ವ್ಯವಸ್ಥೆ ಮಾಡಿರ್ತಾರೆ ಬಿಡಮ್ಮ."

"ಆ ವ್ಯವಸ್ಥೆ ಏನು ಅಂತಾನೇ ನಾನು ಕೇಳ್ತಿರೋದು."

ರನ್‌ವೇಯ ತುದಿಯಲ್ಲಿ ಒಂದು ವಿಮಾನ ಗುಡುಗಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಪಂದ್ಯವಲ್ಲವೇ, ಅನುಕೂಲವೂ ಆಯಿತು. ಕಣ್ಣು ಬಿಟ್ಟಾಗ ಸಿಂಚನಾ ಹೊರಟುಹೋಗಿದ್ದಳು.

ಮೊದಲ ಹಾರಾಟದ ದಿನ ಮೇಷ್ಟ್ರು ಬಿಳಿ ಪಂಚೆಯುಟ್ಟು, ಹಣೆಗೆ ವಿಭೂತಿ ಧರಿಸಿ ಹೊರಗೆ ಬಂದರೆ ಬೀದಿಯೆಲ್ಲ ಗಬ್ಬುನಾತ. ಹಿಂದಿನ ದಿನದಿಂದ ಪೈಪು ಕಟ್ಟಿಕೊಂಡಿತ್ತು. ಅವರ ಗೇಟಿನ ಎದುರಿಗೇ ಮ್ಯಾನ್‌ಹೋಲಿನ ಮುಚ್ಚಳ ತೆಗೆದಿತ್ತು. ಚಡ್ಡಿ ಬನಿಯನ್ನಿನ ಯುವಕನೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಾಲು ಇಳಿಬಿಟ್ಟು ಅಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ಕಂಪನಿಯ ಮೇಸ್ತ್ರಿ.

ಮೇಷ್ಟ್ರು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡೇ ಕೇಳಿದರು. "ಮಿಷಿನ್ ಎಲ್ರೀ?"

"ಹಿಂದೆ ಬರ್ತೈತೆ ಸಾರ್. ಮಧ್ಯಾಹ್ನದೊಳಗೆ ಎಣ್ಣೆ ಟ್ಯಾಂಕು ತುಂಬ್ಸಬೇಕು, ಮಿನಿಸ್ಟ್ರು ಬರ್ತಾರೆ," ಎಂದ ಮೇಸ್ತ್ರಿ.

ಯಂತ್ರ ಬರುವುದಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಬರುತ್ತದೆಂದು ನಂಬಿದರೆ ಕಾರು ಹತ್ತಬಹುದಿತ್ತು. ನಂಬಿದರು.

ಆ ಯುವಕ ತಲೆಯೆತ್ತಿ ಅವರನ್ನು ನೋಡಿದ. ಅವರ ಅಂಗಿಯ ಮೇಲೆ ಬೇಲಿ ಬಳಗದ ವಿಮಾನದ ಬಿಲ್ಲೆಯಿತ್ತು. "ಸಾರ್, ಇವತ್ತು ಹಾರೋ ಪ್ಲೇನು ಎರಡು ಇಂಜಿನ್ದಾ, ನಾಕ್ ಇಂಜಿನ್ದಾ?"

ಅಂಥ ಪ್ರಶ್ನೆಗೆ ಜೀವಮಾನದಲ್ಲಿ ಉತ್ತರ ಕೊಡದೆ ಬಿಟ್ಟವರಲ್ಲ ಮನೋಜಯ್ಯ. ಆ ದಿನ ಬಿಟ್ಟರು. ಬಾಯಿ ತೆರೆದರೆ ಆ ನಾತ ಒಳಗೆ ಹೋಗುತ್ತಿತ್ತು. ಬೇಗ ಮುಗಿಸಿ ಎನ್ನುವಂತೆ ಕೈಯಾಡಿಸಿ, ಪಂಚೆ ಎತ್ತಿ ಹಿಡಿದು, ಗುಂಡಿಯನ್ನು ದೂರದಿಂದ ಬಳಸಿಕೊಂಡು ಹೋಗಿ ಕಾರಿನ ಬಾಗಿಲು ಹಾಕಿಕೊಂಡರು.

ವಿಮಾನದ ಒಳಗೆ ಊದುಬತ್ತಿಯ ಘಮ. ಗಗನಸಖಿಯರು ಬೆಳ್ಳಿ ಲೋಟದಲ್ಲಿ ಪಾನಕ ಕೊಟ್ಟರು, ಕೋಸಂಬರಿ ಕೊಟ್ಟರು. ಮಂತ್ರಿಗಳು ಪರಂಪರೆ ಮತ್ತು ವಿಜ್ಞಾನ ಕೈಹಿಡಿದು ಹಾರುವುದರ ಬಗ್ಗೆ ಮಾತಾಡಿ, ತಾವು ಮಾತ್ರ ಹಾರದೆ ಇಳಿದುಹೋದರು. ಆಮೇಲೆ ಹೊರಡಲು ತಡವೆಂದು ಪೈಲಟ್ಟಿನ ದನಿ ಕೇಳಿತು. ಶುದ್ಧ ಇಂಧನ ಇನ್ನೂ ಸಾಲದಂತೆ. ಪಕ್ಕದ ಟ್ಯಾಂಕಿನಿಂದ ಸ್ವಲ್ಪ ಮಾಮೂಲಿ ಎಣ್ಣೆ ಬೆರೆಸಬಹುದಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಅಂದದ್ದೇ ತಡ, ಇಡೀ ವಿಮಾನ ಅವರ ಮೇಲೆ ಎಗರಿಬಿತ್ತು. "ಅಷ್ಟು ಚಪಲ ಇದ್ರೆ ಆ ವಿಮಾನಕ್ಕೇ ಹೋಗ್ರೀ!" ಎಂದರು ಮೇಷ್ಟ್ರ ಪಕ್ಕದ ಸೀಟಿನ ಯಜಮಾನರು.

ಕೊನೆಗೆ ಹಸಿರೆಲೆಯ ಚಿತ್ರವಿದ್ದ ಟ್ಯಾಂಕರ್ ಬಂದು ರೆಕ್ಕೆಯ ಕೆಳಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರೂ ತಟ್ಟಿದರು. ಆಗ ಅವರ ಫೋನು ಹೊಡೆದುಕೊಂಡಿತು. ಇಮ್ತಿಯಾಜ್.

"ಮೇಷ್ಟ್ರೇ, ನಿಮ್ ಬೀದಿಯಾಗೇ ಅದೀನಿ. ಗಾಡಿಗೆ ಟಯರ್ ಹಾಕಾಕೆ ಬಂದಿದ್ದೆ." ಅವನಿಗೆ ಏದುಸಿರು. "ಒಬ್ಬ ಹುಡುಗ, ಚರಣ್ ಅಂತೆ, ಗುಂಡ್ಯಾಗೆ ಬಿದ್ದಿದ್ದ. ವಿಷಗಾಳಿ. ಮೇಸ್ತ್ರಿ ಓಡಿ ಹೋಗ್ಯಾನೆ. ಎಲ್ರೂ ಮಾಳಿಗೆ ಮೇಲೆ ಫೋನ್ ಹಿಡ್ಕಂಡು ನಿಂತಿದ್ರು, ಒಬ್ರೂ ಹಗ್ಗ ಮುಟ್ಲಿಲ್ಲ. ನಾನೇ ಎಳ್ದೆ. ಜೀವ ಹೋಗ್ಬಿಟ್ಟೈತೆ ಮೇಷ್ಟ್ರೇ. ಮಖ ತೊಳ್ಯಾಕೆ ಒಂದು ಬಕೀಟು ನೀರು ಕೇಳಿದ್ರೆ, ನಿಮ್ ಎದುರು ಮನೆಯೋರು ಬಕೀಟು ಕೊಡ್ಲಿಲ್ಲ. ಗೇಟಿನ ಒಳಗಿಂದಾನೇ ಪೈಪ್ ಹಿಡಿದ್ರು."

"ಯಾವಾಗ ಬಿದ್ದಿದ್ದು?" ಎಂದು ಮೇಷ್ಟ್ರು ಕೇಳಿದರು.

"ಕಟ್ಟಿದ್ದನ್ನ ಬಿಡಿಸಿದ್ ಮ್ಯಾಲೆ. ಈಗ ಚೆನ್ನಾಗಿ ಹರೀತಾ ಐತೆ, ನೋಡ್ರಿ."

ಕಿಟಕಿಯ ಕೆಳಗೆ ಪಂಪು ಗುಂಯ್‌ಗುಟ್ಟುತ್ತಿತ್ತು. ಏನು ಹರಿದು ಬಂದು ಈ ರೆಕ್ಕೆ ತುಂಬುತ್ತಿದೆ, ಯಾರು ಬಿಡಿಸಿದ್ದಕ್ಕೆ ತುಂಬುತ್ತಿದೆ ಎಂಬುದು ಮೇಷ್ಟ್ರಿಗೆ ಗೊತ್ತಾಯಿತು. ಜೀವನದಲ್ಲಿ ಬೇಕಾದಷ್ಟು ನಾತಗಳಿಗೆ ಮೂಗು ಮುಚ್ಚಿದ ಮನುಷ್ಯ. ಊದುಬತ್ತಿಯ ಘಮಕ್ಕೆ ಮೂಗು ಮುಚ್ಚಿದ್ದು ಇದೇ ಮೊದಲು. ಪಾನಕದ ಏಲಕ್ಕಿ, ಕೋಸಂಬರಿಯ ಇಂಗು, ತಮ್ಮದೇ ಅಂಗಿಯ ಇಸ್ತ್ರಿ, ಎಲ್ಲವೂ ಹೇಸಿಗೆ ಅನ್ನಿಸಿತು. ಎಲ್ಲಕ್ಕಿಂತ ಹೆಚ್ಚಿನ ಹೇಸಿಗೆ ತಮ್ಮ ಮೇಲೆ. ಮುಂದಿನ ಸೀಟಿನ ಚೀಲದಿಂದ ಕಾಗದದ ಕವರು ಎಳೆದುಕೊಂಡು ಕರುಳೇ ಬರುವಂತೆ ಕಾರಿದರು.

ಪಕ್ಕದ ಯಜಮಾನರು ಕಾಲು ಮೇಲೆತ್ತಿಕೊಂಡರು. "ಏನ್ ತಿಂದ್ ಬಂದಿದ್ರಿ? ನೀವು ವೆಜ್ ತಾನೆ?"

ಮೇಷ್ಟ್ರು ಆ ಕವರನ್ನು ಹಿಡಿದುಕೊಂಡೇ ಎದ್ದರು. ಎಣ್ಣೆ ತುಂಬುವುದು ಮುಗಿದಿರಲಿಲ್ಲವಾದ್ದರಿಂದ ಬಾಗಿಲು ಇನ್ನೂ ತೆರೆದಿತ್ತು. ಗಗನಸಖಿ ತಡೆದಾಗ, "ಇಳಿಸಮ್ಮ ನನ್ನ. ಇಲ್ಲಿ ಕೂರಾಕಾಗಲ್ಲ, ನಾರುತ್ತೆ," ಎಂದರು. ಅವಳು ಇನ್ನೊಂದು ಊದುಬತ್ತಿ ತರಲು ಹೋದಳು. ಅವರು ಮೆಟ್ಟಿಲಿಳಿದುಬಿಟ್ಟರು.

ವಿಮಾನ ಹಾರಿತು. ಸುದ್ದಿವಾಹಿನಿಗಳಲ್ಲಿ ಅದು ಇತಿಹಾಸವಾಯಿತು. ಚರಣ್ ತೆರೆಯ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲಾಗಿ ಎರಡು ಸಲ ಓಡಿಹೋದ. ಬಡಾವಣೆಯ ಸಂಘದ ಸಭೆ ಸೇರಿತು. ಪೈಪನ್ನು ನಗರದ ದೊಡ್ಡ ಕೊಳವೆಗೆ ಸೇರಿಸಿಬಿಡೋಣ, ಈ ಮಡಿ ಸಾಕು ಎಂದು ಮೇಷ್ಟ್ರು ಕೈಮುಗಿದು ಕೇಳಿದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಸಭೆಯ ಚಿಂತೆಯೇ ಬೇರೆ: ಒಳಗೆ ಬಿದ್ದವನು ಏನೇನು ತಿನ್ನುತ್ತಿದ್ದನೋ, ಪೈಪಿಗೆ ಶುದ್ಧಿ ಮಾಡಿಸಬೇಕೋ ಬೇಡವೋ? ಹತ್ತು ಜನ ಓದಿದವರು ಅದನ್ನು ಗಂಭೀರವಾಗಿ ಚರ್ಚಿಸಿದರು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯೂ ಇವರಿಗೆ ಸಾಲದು. ಹುಳ ಬೀಳುವುದಕ್ಕೂ ಒಳಗೆ ಏನಾದರೂ ಇರಬೇಕು.

ಮುಂದಿನ ಭಾನುವಾರ ಮೇಷ್ಟ್ರು ಬೇಲಿಯ ಹತ್ತಿರ ಹೋಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಗೇಟಿನಾಚೆ ಎಳೆದು, ಮ್ಯಾನ್‌ಹೋಲಿನ ಮುಚ್ಚಳದ ಮೇಲೆ ಹಾಕಿ ಕೂತರು. ಪೈಪು ದೊಡ್ಡ ಕೊಳವೆಗೆ ಸೇರುವತನಕ ಈ ಮುಚ್ಚಳ ತೆಗೆಯಲು ಬಂದವರು ತಮ್ಮನ್ನೇ ಮೊದಲು ಇಳಿಸಬೇಕೆಂದು ಹೇಳಿ ಕೂತರು. ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಇಮ್ತಿಯಾಜ್ ಮಂಡಕ್ಕಿ ಪೊಟ್ಟಣ ಹಿಡಿದು ಬಂದ, ವಿನುತ್ ಬರಲಿಲ್ಲ. ಸಿಂಚನಾ ಬಂದು ಫುಟ್‌ಪಾತಿನ ಕಲ್ಲಿನ ಮೇಲೆ ಕೂತಳು. "ನಾತ ತೆಗೆಯೋಕೆ ಹನ್ನೆರಡು ವರ್ಷ ಬೇಕಾಯ್ತು ಸರ್ ನಂಗೆ. ತೆಗೆದೆ ಅಂದ್ಕೊಂಡಿದ್ದೆ," ಎಂದಳು.

ಮೇಷ್ಟ್ರಿಗೆ ತಮ್ಮ ಹಳೆಯ ಮನೆಯ ಗೋಡೆ ನೆನಪಾಯಿತು. ಒಂದು ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತ ಓದಿ ಬಿಟ್ಟ ಪೇಪರಿನಿಂದ, ರನ್‌ವೇ ಬಿಟ್ಟೇಳುತ್ತಿದ್ದ ದೊಡ್ಡ ವಿಮಾನವೊಂದನ್ನು ಅವರು ಜೋಪಾನವಾಗಿ ಕತ್ತರಿಸಿದ್ದರು. ಅಗುಳು ಹಚ್ಚಲು ತಿರುವಿ ಹಾಕಿದಾಗ ಹಿಂಬದಿಯಲ್ಲಿ ಸಣ್ಣ ಸುದ್ದಿಯಿತ್ತು: ಮ್ಯಾನ್‌ಹೋಲಿಗೆ ಇಳಿದ ಇಬ್ಬರ ಸಾವು. ಅದರ ಮೇಲೇ ಅಗುಳು ಸವರಿ ಗೋಡೆಗೆ ಒತ್ತಿದ್ದರು. ಆಗ ಈ ಎಣ್ಣೆ ಇರಲಿಲ್ಲ, ಶುಚಿ ಏರ್ ಇರಲಿಲ್ಲ, ಯಾವ ವಿಮಾನಕ್ಕೂ ತಡವಾಗುತ್ತಿರಲಿಲ್ಲ. ಯಾರದೋ ಮನೆಯ ಬಚ್ಚಲು ಕಟ್ಟಿಕೊಂಡಿತ್ತು. ಅಷ್ಟಕ್ಕೇ ಇಳಿಸಿದ್ದರು.

ತಲೆಯ ಮೇಲೆ ಸದ್ದಾಯಿತು. ಶುಚಿ ಏರ್‌ನ ಬೆಳಗಿನ ವಿಮಾನ. ಇಮ್ತಿಯಾಜ್ ಅಭ್ಯಾಸಬಲದಿಂದ ಕಣ್ಣು ಮುಚ್ಚಿ, "ಯಾವ್ದು ಮೇಷ್ಟ್ರೇ?" ಎಂದ.

ಮೇಷ್ಟ್ರು ಕಣ್ಣು ಮುಚ್ಚಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಬಗ್ಗಿ, ಕಾಲ ನಡುವಿನ ಕಬ್ಬಿಣದ ಮುಚ್ಚಳವನ್ನು ನೋಡುತ್ತ ಹೇಳಿದರು.

"ಎರಡು ಇಂಜಿನ್ದು ಕಣಪ್ಪ."