ಮಂಗ ಒಯ್ದ ಡಿಸ್ಕ್

ಧಾರವಾಡದ ಹೊರಗೆ, ಡಿಸ್ಕ್ ಎಸೆದು ಸರಪಳಿ ತೂಗಿದ ಬುಟ್ಟಿಗೆ ಹಾಕುವ ಆಟದ ಮೈದಾನ. ಸಂಜೆ ಹನಮೇಶ ಎಸೆದ ಹೊಸ ಡಿಸ್ಕನ್ನು ಮಂಗವೊಂದು ಎತ್ತಿಕೊಂಡು ಪೊದೆ ಸೇರಿತು. ಅವನು ನಗುತ್ತ ಅಲ್ಲೇ ಕುಳಿತು ಫೋನಿನಲ್ಲಿ ಮೈದಾನದ ರಿವ್ಯೂ ಹಾಕಿದ: “ಮಂಗ್ಯಾ ನನಗಿಂತ ಛಲೋ ಆಡತೈತ್ರಿ. ನಾಲ್ಕು ಸ್ಟಾರ್.”

ನವಿಲುಗಳ ಕೂಗು ಒಮ್ಮೆಲೇ ನಿಂತಿತು. ಫೋನ್ ಬಂತು. ಸಿಕ್ಕವರು ಕರೆಯಲೆಂದು ಆಟಗಾರರು ಡಿಸ್ಕಿನ ಹಿಂದೆ ನಂಬರ್ ಬರೆದಿರುತ್ತಾರೆ.

“ಡಿಸ್ಕ್ ಸಿಕ್ತೇನ್ರಿ?”

ಬರೀ ಉಸಿರಾಟ. ಆಮೇಲೆ ಬುಟ್ಟಿಯ ಸರಪಳಿ ಝಲ್ಲೆಂದದ್ದು ಫೋನಿನಲ್ಲೂ ಬಯಲಿನಲ್ಲೂ ಒಟ್ಟಿಗೇ ಕೇಳಿತು. ಮುದುಕಿಯ ದನಿಯೊಂದು, “ಇನ್ನ ನಿನ್ನ ಪಾಳಿ, ತಮ್ಮಾ,” ಎಂದಿತು.

ಹನಮೇಶ ಬೈಕಿನತ್ತ ಓಡಿದ. ಬೆಂಗೇರಿಯ ಅವನ ಮನೆಯಲ್ಲಿ, ಟಿವಿಯ ಮೇಲೆ, ನಂಬರ್ ಬರೆಯಲು ತಂದ ಪೆನ್ನು ಕವರು ಬಿಚ್ಚದೆ ಹಾಗೇ ಇತ್ತು. ಆ ಡಿಸ್ಕಿನ ಮೇಲೆ ಅವನು ಏನನ್ನೂ ಬರೆದಿರಲಿಲ್ಲ.